ನೋಡಿದರೆ ಸುಮ್ಮನಾಗುವ ಸದ್ದು

ಹೊಲಿಗೆ ಯಂತ್ರ ರಿಪೇರಿ ಮಾಡುವ ಆ ಮನುಷ್ಯನಿಗೆ ಊರವರು ಇಟ್ಟ ಹೆಸರು ಕಿವಿ ಮೇಸ್ತ್ರಿ. ಮೂರನೇ ಬೀದಿಯಲ್ಲಿ ಯಾರೋ ಹೊಲಿಯುತ್ತಿದ್ದರೆ ತನ್ನ ಮನೆಯ ಕುರ್ಚಿಯಲ್ಲಿ ಕೂತೇ, “ಸೂಜಿ ಮೊಂಡಾಗಿದೆ, ಬದಲಾಯಿಸಲಿ” ಅನ್ನುತ್ತಿದ್ದ. ಒಮ್ಮೆ ಫೋನಿನಲ್ಲೇ ಯಂತ್ರದ ಸದ್ದು ಕೇಳಿ, ಎಣ್ಣೆ ಹಾಕಿಲ್ಲವೆಂದೂ, ಹಾಕದ ಪುಣ್ಯಾತ್ಮ ಎಡಚನೆಂದೂ ಹೇಳಿದನಂತೆ. ಇದರಲ್ಲಿ ಅರ್ಧ ಸುಳ್ಳಿರಬಹುದು. ಯಾವ ಅರ್ಧ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ನಲವತ್ತೆರಡು ವರ್ಷದಲ್ಲಿ ಒಂದು ಯಂತ್ರವನ್ನೂ “ಇದು ಸತ್ತಿದೆ” ಎಂದು ವಾಪಸು ಕಳಿಸಿದವನಲ್ಲ. ಅಂಥವನ ಮನೆಯಲ್ಲೇ ಒಂದು ಯಂತ್ರ ಸಾಯುವ ನಾಟಕ ಹೂಡಿತು.

ಅದು ಕಿಟಕಿ ಪಕ್ಕದ ಕಂಪ್ಯೂಟರ್. ಅದರ ಮುಂದೆ ಕೂತು ಮೇಸ್ತ್ರಿಯ ಹೆಂಡತಿ ವಾರಕ್ಕೆ ಮೂರು ದಿನ ಆನ್‌ಲೈನಿನಲ್ಲಿ ಹನ್ನೆರಡು ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ಎರಡು ತಿಂಗಳಿಂದ ಅದರ ಫ್ಯಾನು ವಿಮಾನ ಏರುವ ಹಾಗೆ ಭೋರ್ಗರೆಯುತ್ತಿತ್ತು. ಹಿಂದುಗಡೆ ಹರವಿದ ಒದ್ದೆ ಟವೆಲು ಕಾಲು ಗಂಟೆಯಲ್ಲಿ ಒಣಗಿ ರಟ್ಟಿನಂತಾಗುತ್ತಿತ್ತು. ಒಂದು ಫೋಟೋ ತೆರೆಯಬೇಕಾದರೆ, ಫೋಟೋದಲ್ಲಿರುವ ಮಗುವಿಗೆ ಮೀಸೆ ಬರುವಷ್ಟು ಹೊತ್ತು. ಹೋದ ವಾರವಂತೂ ಕಾಲರ್ ಕತ್ತರಿಸುವ ಪಾಠದ ನಡುವೆ ಚಿತ್ರ ನಿಂತುಬಿಟ್ಟು, ಒಬ್ಬ ವಿದ್ಯಾರ್ಥಿನಿ ಟೀಚರನ್ನೇ ಅನುಸರಿಸಿ ಕತ್ತರಿಯ ಬಾಯಿ ತೆರೆದುಕೊಂಡು ಮುಕ್ಕಾಲು ಗಂಟೆ ಕೂತಿದ್ದಳು.

“ಸೋಮವಾರದ ಕ್ಲಾಸೂ ಹೀಗೇ ಆದರೆ ನಿಲ್ಲಿಸಿಬಿಡ್ತೀನಿ ರೀ. ಬೇರೆ ಟೀಚರ್ ನೋಡ್ಕೊಳ್ಳಿ ಅಂತ ಹೇಳ್ತೀನಿ,” ಎಂದಳು ಶುಕ್ರವಾರ ಬೆಳಿಗ್ಗೆ. ಅಳಲಿಲ್ಲ, ರೇಗಲಿಲ್ಲ. ಅಳತೆಯ ಟೇಪನ್ನು ಸುತ್ತಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಆ ಮುಚ್ಚಳದ ಸದ್ದು ಮೇಸ್ತ್ರಿಯ ಕಿವಿಗೆ ಸರಿಬರಲಿಲ್ಲ.

“ಎಲ್ಲಾ ನಿನ್ನ ಶಿಷ್ಯೆಯರ ಫೋಟೋಗಳಿಂದ ಕಣೇ. ಹೊಲಿಗೆ ತೋರಿಸ್ತೀವಿ ಅಂತ ಒಬ್ಬೊಬ್ಬಳೂ ಇಪ್ಪತ್ತಿಪ್ಪತ್ತು ಕಳಿಸಿದ್ರೆ ಇನ್ನೇನಾಗುತ್ತೆ?”

“ಕಳಿಸಬೇಡಿ ಅಂತ ನಿಮ್ಮ ಮಾತು ಕೇಳಿ ಅವರಿಗೆ ಹೇಳಿ ತಿಂಗಳಾಯ್ತು. ಅವರ ಹೊಲಿಗೆ ನೋಡದೇ ಕಲಿಸ್ತಿದೀನಿ, ಕಣ್ಣು ಕಟ್ಕೊಂಡು ದಾರಿ ತೋರಿಸೋ ಹಾಗೆ.”

ಮೇಸ್ತ್ರಿ ಎದ್ದು ನಿಂತ. “ಸೋಮವಾರ ಕ್ಲಾಸು ನಡೆಯುತ್ತೆ. ನಡೆಯದಿದ್ರೆ ಈ ಕಿವಿ ಎರಡನ್ನೂ ಬಿಚ್ಚಿ ಬಿಡಿಭಾಗದ ಡಬ್ಬಿಗೆ ಹಾಕ್ತೀನಿ.”

ಸಂಜೆ ಅಳಿಯ ಬಂದ. ಯಾವ ಪ್ರೋಗ್ರಾಂ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದ. “ಮಾವ, ಪ್ರೊಸೆಸರ್ ಮೇಲೆ ಬರೀ ನಾಲ್ಕು ಪರ್ಸೆಂಟ್ ಹೊರೆ. ಏನೂ ತೊಂದರೆಯಿಲ್ಲ. ವಯಸ್ಸಾಗಿದೆ ಅಷ್ಟೇ, ಹೊಸದು ತಗೊಳ್ಳಿ.”

“ವಯಸ್ಸಾಯ್ತು ಅಂತ ಬದಲಾಯಿಸೋದಾದ್ರೆ ನಿಮ್ಮ ಅತ್ತೆ ಮೊದಲು ನನ್ನ ಬದಲಾಯಿಸ್ತಾರೆ.”

“ವಿಚಾರಿಸಿದೆ,” ಅಂತ ಅಡುಗೆಮನೆಯಿಂದ ದನಿ ಬಂತು. “ಈ ಮಾಡೆಲ್ ಯಾರೂ ವಾಪಸು ತಗೊಳ್ಳಲ್ವಂತೆ.”

ಅಳಿಯ ನಕ್ಕ. ಮೇಸ್ತ್ರಿ ನಗಲಿಲ್ಲ, ಅವನ ಕಿವಿ ನೆಟ್ಟಗಾಗಿತ್ತು. ಅಳಿಯ ಪಟ್ಟಿ ತೆರೆದ ಮೇಲೆ ಫ್ಯಾನಿನ ಸದ್ದು ಇಳಿದಿತ್ತು. ಪಟ್ಟಿ ಮುಚ್ಚಿ ಎದ್ದಾಗ ಮತ್ತೆ ಏರಿತು.

“ಇನ್ನೊಂದ್ಸಲ ತೆಗೀರಿ.”

ತೆರೆದ ಕ್ಷಣ ತೊಂಬತ್ತೆಂಟು ಎಂದು ಹೊಳೆದ ಅಂಕಿ, ರೆಪ್ಪೆ ಬಡಿಯುವುದರೊಳಗೆ ನಾಲ್ಕಕ್ಕೆ ಬಿತ್ತು. ಫ್ಯಾನು ಉಸಿರು ಬಿಟ್ಟು ತಣ್ಣಗಾಯಿತು.

“ನೋಡಿದ್ರಾ? ಮೇಷ್ಟ್ರು ಬಂದಾಗ ಕೈಕಟ್ಟಿ ಕೂರೋ ಪೋಲಿ ಇದು. ಒಳಗೆ ಯಾರೋ ಇದಾರೆ. ನಾವು ನೋಡ್ತಿದೀವಿ ಅಂತ ಅವರಿಗೆ ಗೊತ್ತಾಗುತ್ತೆ.”

ಅಳಿಯ ಬೆಪ್ಪಾದ. “ಹಾಗಾದ್ರೆ ಆ ಪಟ್ಟೀನ ತೆರೆದೇ ಇಟ್ಟುಬಿಡಿ ಮಾವ. ಕ್ಲಾಸು ನಡೆಯುತ್ತೆ.”

“ಕಳ್ಳನ್ನ ಮನೇಲಿಟ್ಕೊಂಡು ದಿನಾ ಎದುರಿಗೆ ಕೂತು ಕಾಯೋಕೆ ನನಗೇನು ಸಂಬಳ ಬರುತ್ತಾ? ಹಿಡೀಬೇಕು.”

ಕಣ್ಣಿಗೆ ಬೀಳದ ಕಳ್ಳನನ್ನು ಹಿಡಿಯಲು ಮೇಸ್ತ್ರಿ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದ. ಹೊಲಿಗೆ ಯಂತ್ರದ ಸದ್ದು ಎಲ್ಲಿಂದ ಎಂದು ತಿಳಿಯದಿದ್ದರೆ, ಒಂದೊಂದೇ ಭಾಗವನ್ನು ಕಳಚಿ ಓಡಿಸಿ ಕೇಳಬೇಕು. ಎರಡು ಭಾಗ ಒಟ್ಟಿಗೆ ಕಳಚಿದವನು ಮೇಸ್ತ್ರಿಯೇ ಅಲ್ಲ. ಕಂಪ್ಯೂಟರ್ ಹಚ್ಚಿದಾಗ ತಾವಾಗಿಯೇ ಎದ್ದು ಕೂರುವ ಪ್ರೋಗ್ರಾಂಗಳು ಹದಿನಾಲ್ಕು ಎಂದು ಅಳಿಯ ತೋರಿಸಿಕೊಟ್ಟು ಹೋದ. ಮೇಸ್ತ್ರಿ ಹೆಂಡತಿಯ ಡಬ್ಬಿಯಿಂದ ಹದಿನಾಲ್ಕು ಗುಂಡಿ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದ.

ಶನಿವಾರ ಬೆಳಿಗ್ಗೆ ಶುರು. ಒಂದನ್ನು ಮಲಗಿಸು, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚು, ಸ್ಕ್ರೂಡ್ರೈವರಿನ ತುದಿಯನ್ನು ಡಬ್ಬದ ಮೈಗೂ ಹಿಡಿಯನ್ನು ಕಿವಿಯ ಬುಡಕ್ಕೂ ಒತ್ತಿ ಕೇಳು. ಸದ್ದು ಹೋಗಲಿಲ್ಲವಾದರೆ ಅದನ್ನು ಎಬ್ಬಿಸಿ, ಗುಂಡಿ ಸರಿಸಿ, ಮುಂದಿನದು. ಒಂದೊಂದು ಸಲ ಎದ್ದು ನಿಲ್ಲಲು ಆ ಕಂಪ್ಯೂಟರಿಗೆ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಮೇಸ್ತ್ರಿಯ ಗಡ್ಡ ಎರಡು ಸಲ ಬೆಳೆಯುತ್ತಿತ್ತು. ಶನಿವಾರ ಮುಗಿಯುವಾಗ ಏಳು ಗುಂಡಿ ಸರಿದಿದ್ದವು. ಕಿವಿಯ ಹಿಂದೆ ಹಿಡಿಯ ಅಚ್ಚು ಮೂಡಿತ್ತು.

“ಸಾಕು ಬಿಡ್ರೀ,” ಎಂದಳು ಹೆಂಡತಿ.

“ಇನ್ನೂ ಏಳಿವೆ.”

ಭಾನುವಾರ ಮಧ್ಯಾಹ್ನ ಹನ್ನೊಂದನೆಯ ಗುಂಡಿ, ಕೆಂಪು ಬಣ್ಣದ್ದು, ಸರದಿಗೆ ಬಂತು. ಕಂಪ್ಯೂಟರ್ ಹತ್ತಿಕೊಂಡಿತು. ಮೇಸ್ತ್ರಿ ಸ್ಕ್ರೂಡ್ರೈವರ್ ಒತ್ತಿ ಕಾದ. ಕೇಳಿಸಿದ್ದು ತನ್ನದೇ ಎದೆಬಡಿತ. ಸಾಲದೆಂದು ಅದನ್ನೇ ಎಬ್ಬಿಸಿ ನೋಡಿದ: ವಿಮಾನ ಏರಿತು. ಮಲಗಿಸಿದ: ಇಳಿಯಿತು. ಮೂರು ಸಲ ಹಾಗೆ ಮಾಡಿ, ಗೆದ್ದವನ ಗತ್ತಿನಲ್ಲಿ ಕನ್ನಡಕ ಏರಿಸಿ ಕಳ್ಳನ ಹೆಸರು ಓದಿದ.

ವೇಗದೂತ.

ಮೇಸ್ತ್ರಿ ನಾಲಿಗೆ ಕಚ್ಚಿಕೊಂಡ. ಎರಡು ತಿಂಗಳ ಹಿಂದೆ ಪರದೆಯ ಮೇಲೆ “ನಿಮ್ಮ ಕಂಪ್ಯೂಟರ್ ಹತ್ತು ಪಟ್ಟು ವೇಗ, ಪುಕ್ಕಟೆ!” ಎಂದು ಬಂದಿತ್ತು. ಒತ್ತಿದ್ದು ಈ ಬೆರಳೇ. ಫೋನಿನಲ್ಲಿ ಅಳಿಯ ವಿವರಿಸಿದ: “ಅದರ ಹೊಟ್ಟೆಯೊಳಗೆ ಇನ್ನೊಂದು ಪ್ರೋಗ್ರಾಂ ಅಡಗಿರುತ್ತೆ ಮಾವ. ಪಟ್ಟಿ ತೆರೆದ್ರೆ ಸುಮ್ಮನಾಗುತ್ತೆ, ಮುಚ್ಚಿದ್ರೆ ನಮ್ಮ ಕಂಪ್ಯೂಟರಿನಿಂದ ಯಾರಿಗೋ ಬಿಟ್ಟಿ ಚಾಕರಿ ಮಾಡಿಸುತ್ತೆ. ಕಿತ್ತುಹಾಕಿ, ಪೂರ್ತಿ ತಪಾಸಣೆ ಮಾಡಿಸಿ, ಪಾಸ್‌ವರ್ಡ್ ಎಲ್ಲ ಬದಲಾಯಿಸಿ.”

ಕಿತ್ತುಹಾಕಿದ. ಫೋಟೋ ಈಗ ಒತ್ತುವ ಮೊದಲೇ ತೆರೆಯುತ್ತಿದೆಯೋ ಎನ್ನಿಸುವಂತಿತ್ತು. ಫೋಟೋಗಳ ಮೇಲೆ ಹೊರಿಸಿದ ತಪ್ಪನ್ನು ಅಲ್ಲೇ ಬಿಟ್ಟು ಸುಮ್ಮನಿರಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಹೊಲಿಗೆ ನೋಡದೇ ಕಲಿಸುವ ಹೆಂಡತಿ ಆಮೇಲೂ ನೋಡದೆಯೇ ಕಲಿಸಬೇಕಾಗುತ್ತಿತ್ತು.

ಸೋಮವಾರ ಹನ್ನೊಂದಕ್ಕೆ ಹನ್ನೆರಡೂ ಮುಖ ಪರದೆಯ ಮೇಲೆ ಹೊಳೆದವು. ಮೇಸ್ತ್ರಿ ಹೆಂಡತಿಯ ಪಕ್ಕ ಬಂದು ಬಗ್ಗಿದ. “ನೋಡ್ರಮ್ಮಾ, ಕಂಪ್ಯೂಟರ್ ಕೆಟ್ಟಿದ್ದು ನಿಮ್ಮ ಫೋಟೋಗಳಿಂದಲ್ಲ. ನನ್ನಿಂದ. ಇವತ್ತಿಂದ ಎಷ್ಟು ಬೇಕಾದ್ರೂ ಕಳಿಸಿ.”

ಹೆಂಡತಿ ಕತ್ತೆತ್ತಿ ನೋಡಿದಳು. “ನಿಮ್ಮಿಂದಾನಾ?”

“ನನ್ನ ಈ ಬೆರಳಿಂದ.”

ಆಕೆ ಡಬ್ಬಿಯ ಮುಚ್ಚಳ ತೆಗೆದು, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಲೋಹದ ಟೋಪಿ, ಅಂಗುಸ್ತಾನವನ್ನು ತೆಗೆದಳು. ಅವನ ತೋರುಬೆರಳಿಗೆ ತೊಡಿಸಿ ಗಟ್ಟಿಯಾಗಿ ಒತ್ತಿದಳು. “ಕಿವಿಗೆ ನೂರಕ್ಕೆ ನೂರು. ಬೆರಳಿಗೆ ಇದು. ಕಂಪ್ಯೂಟರ್ ಮುಂದೆ ಕೂತಾಗೆಲ್ಲ ಇದು ಬೆರಳಲ್ಲಿರಬೇಕು.”

ಹನ್ನೆರಡು ಜನ ಒಟ್ಟಿಗೆ ನಕ್ಕ ಸದ್ದಿಗೆ ಕಿಟಕಿಯ ಗಾಜು ನಡುಗಿತು. ಒಂದೊಂದೇ ಕಾಲರಿನ ಫೋಟೋ ಬಂದು ತೆರೆದುಕೊಂಡಿತು. ಮೂರನೆಯದನ್ನು ನೋಡಿ ಟೀಚರ್ ಹಣೆ ಚಚ್ಚಿಕೊಂಡಳು. “ಅಮ್ಮಾ ತಾಯಿ, ಕಾಲರ್ ತೋಳಿಗೆ ಹೊಲಿದಿದೀಯಲ್ಲೇ! ತಿಂಗಳಿಂದ ಹೀಗೇನಾ?”

ಮೇಸ್ತ್ರಿ ಅಂಗುಸ್ತಾನದ ಬೆರಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಮೆಲ್ಲನೆ ಆಚೆ ಸರಿದ.