ಎಡ ಮೂಲೆಯ ಗೂಟ

ಗೋಕಾಕದ ಸುತ್ತಮುತ್ತ ನನ್ನ ಮುಖಕ್ಕಿಂತ ನನ್ನ ದನಿಯನ್ನು ಬಲ್ಲವರೇ ಹೆಚ್ಚು. ಹೊಟ್ಟೆಪಾಡಿಗೆ ಹೊಲಿಗೆ ಅಂಗಡಿ, ಹುಚ್ಚಿಗೆ ಕಬಡ್ಡಿ ಕಾಮೆಂಟರಿ. ಎಲ್ಲಿ ಮ್ಯಾಟ್ ಹಾಸಿದರೂ ಮೈಕಿನ ಮುಂದೆ ನಾನಿರಬೇಕು. ಆಟಗಾರರ ಪಟ್ಟಿ ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿ, ನಂಬರ್ ನೋಡಿ ಹೆಸರು ಓದುವ ಕಾಮೆಂಟರಿಯವರನ್ನು ಕಂಡರೆ ನನಗೆ ಅಸಡ್ಡೆ. ನನಗೆ ಪಟ್ಟಿ ಯಾಕೆ? ಆಟಗಾರ ಅಂಗಳಕ್ಕಿಳಿದು ಎರಡು ನಿಮಿಷವಾಗುವುದರೊಳಗೆ ಅವನಿಗೊಂದು ಅಡ್ಡಹೆಸರು ಇಟ್ಟುಬಿಡುತ್ತಿದ್ದೆ. ಬುಲೆಟ್, ಜೆಸಿಬಿ, ಸೋಡಾ ಬಾಟ್ಲಿ. ಇಟ್ಟ ಹೆಸರು ಅಂಟಿಕೊಳ್ಳುತ್ತಿತ್ತು. ಕೆಲವರು ತಾವಾಗಿಯೇ ಅಂಗಡಿಗೆ ಬಂದು ತಮಗೂ ಒಂದು ಹೆಸರು ಇಡಿ ಎಂದು ಕೇಳಿದ್ದುಂಟು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆ ಜಂಬ ಈಗ ಉಳಿದಿಲ್ಲ.

ನಮ್ಮ ಭಾಗದ ಹಿರಿಯರು ಸೇರಿ ವರ್ಷಕ್ಕೊಮ್ಮೆ ಒಂದು ಕಬಡ್ಡಿ ಲೀಗ್ ನಡೆಸುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲ ಸೇರಿ ಆರು ತಂಡ. ಹರಾಜು ಹಾಕಿದರೆ ಜಗಳವಾಗುತ್ತದೆಂದು ಆಟಗಾರರನ್ನು ಪಾಳಿಯ ಮೇಲೆ ಆರಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ. ಹಳ್ಳಿಹಳ್ಳಿಯ ಆಟಗಾರರ ಹೆಸರುಗಳನ್ನು ಮೂಡಲಗಿಯ ಮಂಗಲ ಕಾರ್ಯಾಲಯವೊಂದರಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಾರೆ. ಪ್ರತಿ ತಂಡದ ಕೋಚ್ ತನ್ನ ಪಾಳಿ ಬಂದಾಗ ಎದ್ದು ಹೋಗಿ ಒಂದು ಹೆಸರಿಗೆ ಗೆರೆ ಎಳೆಯಬೇಕು. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗೆ ಉಳಿದ ತಂಡಕ್ಕೆ ಮೊದಲ ಪಾಳಿ. ಎರಡು ವರ್ಷದ ಹಿಂದೆ ಆ ಮೊದಲ ಪಾಳಿ ನಮ್ಮ ಗೋಕಾಕದ್ದು. ಅದರ ಹಿಂದಿನ ವರ್ಷ ನಾವು ಎಂಥ ಆಟ ಆಡಿದ್ದೆವು ಎಂಬುದನ್ನು ನೀವೇ ತಿಳಿದುಕೊಳ್ಳಿ.

ಆದರೂ ಊರು ಖುಷಿಯಲ್ಲಿತ್ತು. ಕೌಜಲಗಿಯಲ್ಲಿ ಒಬ್ಬ ರೈಡರ್ ಇದ್ದ. ಒಳಗೆ ನುಗ್ಗಿದರೆ ಮೂವರನ್ನು ಮುಟ್ಟಿಯೇ ವಾಪಸು ಬರುವವನು. ಅವನು ನಮಗೇ ಎಂದು ಎಲ್ಲರೂ ಗಟ್ಟಿ ಮಾಡಿಕೊಂಡಿದ್ದೆವು. ಅವನಿಗೆ ಇಡಬೇಕಾದ ಅಡ್ಡಹೆಸರನ್ನೂ ನಾನು ತಯಾರು ಮಾಡಿಟ್ಟುಕೊಂಡಿದ್ದೆ.

ನಮ್ಮ ಕೋಚ್ ಆ ವರ್ಷವಷ್ಟೇ ಬಂದವನು. ಕೊಣ್ಣೂರಿನವನು, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ತರ. ತಾನೂ ಆಡುತ್ತಿದ್ದವನು, ಮೊಣಕಾಲು ಕೆಟ್ಟಮೇಲೆ ಬಿಟ್ಟಿದ್ದ. ಮಾತು ಕಡಿಮೆ, ಕೈಯಲ್ಲಿ ಯಾವಾಗಲೂ ಒಂದು ನೋಟ್‌ಬುಕ್. ಆ ದಿನ ಅವನು ಎದ್ದು ಹೋಗಿ ಗೆರೆ ಎಳೆದದ್ದು ಹುಕ್ಕೇರಿ ಕಡೆಯ ಒಂದು ಹಳ್ಳಿಯ ಡಿಫೆಂಡರ್ ಹೆಸರಿಗೆ. ಎಡ ಮೂಲೆಯಲ್ಲಿ ನಿಂತು ರೈಡರ್‌ನ ಕಾಲು ಹಿಡಿಯುವವನಂತೆ. ಯಾರೂ ಅವನ ಆಟ ನೋಡಿರಲಿಲ್ಲ. ಮರುಪಾಳಿಯಲ್ಲೇ ಮೂಡಲಗಿಯವರು ಕೌಜಲಗಿಯವನನ್ನು ಎತ್ತಿಕೊಂಡರು. ಸುದ್ದಿ ನಮ್ಮ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಕಾಲರ್ ಕತ್ತರಿಸುತ್ತಿದ್ದೆ. ಡಿಫೆಂಡರ್‌ನ ಹೆಸರು ಆ ಸಂದೇಶದಲ್ಲಿ ಇತ್ತು. ಓದಿದೆ, ಸಿಟ್ಟಿನಲ್ಲಿ ಮರೆತೆ.

ನನ್ನ ಅಂಗಡಿಯ ಬಾಜೂಕ್ಕೇ ಚಹಾದಂಗಡಿ. ಅಂದಿನಿಂದ ಅಲ್ಲಿ ದಿನಾ ಸಂಜೆ ಇದೇ ಪಂಚಾಯಿತಿ. ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಮಾತ್ರ ಕೋಚ್ ಪರ. ಹೊಸಬ, ಒಂದು ವರ್ಷವಾದರೂ ಕೊಡಬೇಕು, ತಂಡ ಕಟ್ಟುವುದೆಂದರೆ ಎರಡು ವಾರದ ಕೆಲಸವಲ್ಲ ಎಂದು ಅವರು ಮೆಲ್ಲಗೆ ಹೇಳುತ್ತಿದ್ದರು. ನಾನು ಬಿಡುವವನೇ? "ನೀವು ಪೆನ್ಶನ್ ಬರೂತನಕ ಕಾದವ್ರು. ನಮಗ ಅಷ್ಟ ಸಮಾಧಾನ ಇಲ್ರಿ," ಅಂದೆ. ಎಲ್ಲರೂ ನಕ್ಕರು. ಅವರು ಚಹಾ ಕುಡಿದು ಎದ್ದು ಹೋದರು. ನಗಿಸಿದವನೇ ಗೆದ್ದ ಎಂದು ನಾನು ಬಹಳ ವರ್ಷ ನಂಬಿದ್ದೆ.

ಮೊದಲ ಮೂರು ಆಟ ಸೋತೆವು. ಆ ಡಿಫೆಂಡರ್ ಎಡ ಮೂಲೆಯಲ್ಲಿ ನಿಂತರೆ ನಿಂತೇ ಇರುತ್ತಿದ್ದ. ಬೇರೆಯವರೆಲ್ಲ ಹಿಂದೆ ಮುಂದೆ ಓಡಾಡುತ್ತಿದ್ದರೆ ಅವನು ಮಾತ್ರ ಮೊಣಕಾಲು ತುಸು ಬಾಗಿಸಿ, ರೈಡರ್‌ನ ಪಾದ ನೋಡುತ್ತ ಕಾಯುತ್ತಿದ್ದ. ಕಾಲು ಸಿಕ್ಕರೆ ಹಿಡಿಯುತ್ತಿದ್ದ, ಆದರೆ ಪಕ್ಕದವರು ಬಂದು ಮುತ್ತುವುದು ತಡವಾಗಿ ರೈಡರ್ ಜಾರಿಹೋಗುತ್ತಿದ್ದ. ಎರಡನೆಯ ಆಟದಲ್ಲಿ ನನ್ನ ಬಾಯಿಗೆ ಆ ಮಾತು ಬಂತು.

"ನೋಡ್ರಿ, ಎಡ ಮೂಲ್ಯಾಗ ಗೂಟ ಬಡದಾರ. ಎಮ್ಮಿ ಕಟ್ಟಾಕ ಅಡ್ಡಿಯಿಲ್ಲ."

ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಮೂರನೆಯ ಆಟದ ಹೊತ್ತಿಗೆ ಚಿಕ್ಕ ಮಕ್ಕಳೂ ಅವನನ್ನು ಗೂಟ ಎಂದೇ ಕೂಗುತ್ತಿದ್ದರು. ನಂಬರ್ ನಾಲ್ಕು ಎಂದು ಕೂಡ ಯಾರೂ ಹೇಳಲಿಲ್ಲ. ಅಷ್ಟರಲ್ಲಿ ನಾನು ಒಂದು ಅರ್ಜಿಯನ್ನೂ ಬರೆದಿದ್ದೆ. ಕೋಚ್‌ಗೆ ಅನುಭವ ಸಾಲದು, ಬದಲಿಸಬೇಕು ಎಂದು ತಂಡದ ಸಮಿತಿಗೆ. ಮೊದಲ ಸಹಿ ನನ್ನದು.

ಒಂದು ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಬಂದು ಅಂಗಡಿ ತೆಗೆಯುತ್ತಿದ್ದಂತೆ ಕೋಚ್ ಬಂದ. ಅರ್ಜಿ ಕತ್ತರಿಸುವ ಮೇಜಿನ ಮೇಲೆಯೇ ಇತ್ತು. ಅದರ ಮೇಲೆ ಒಂದು ಪ್ಯಾಂಟಿನ ಬಟ್ಟೆ ಎಳೆದುಕೊಂಡೆ. ಅವನು ಕುರ್ಚಿಯಲ್ಲಿ ಕೂರಲಿಲ್ಲ. ಅವನಾಡಿದ ಮಾತು ಇಷ್ಟೇ.

"ಕಾಕಾ, ನನಗ ಏನರ ಅನ್ರಿ. ಆರಿಸಿದಾಂವ ನಾ, ಕೇಳಬೇಕಾದಾಂವನೂ ನಾನ. ಅವನ್ನ ಮಾತ್ರ ಹೆಸರ ಹಿಡದ ಕರೀರಿ."

ಆಟಗಾರ ಮೂಲೆ ಬಿಟ್ಟು ಬರಬಾರದೆಂದು ತಾನೇ ಹೇಳಿದ್ದೇನೆ, ನಿಲ್ಲುವುದೇ ಅವನ ಕೆಲಸ ಎಂದು ವಿವರಿಸಿದ. ಪಕ್ಕದವರು ಅವನ ಜೊತೆ ಹೊಂದಿಕೊಳ್ಳಲು ಇನ್ನು ಎರಡು ಆಟ ಬೇಕು. ಈಗ ಮೈಕಿನಲ್ಲಿ ಗೂಟ ಎಂದಾಗಲೆಲ್ಲ ಅವನ ಕಣ್ಣು ರೈಡರ್‌ನ ಪಾದ ಬಿಟ್ಟು ನನ್ನ ಮೇಜಿನ ಕಡೆ ಹೊರಳುತ್ತದಂತೆ. ಇಷ್ಟು ಹೇಳಿ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಅದರಲ್ಲಿ ದುಂಡಗೆ ಅವನ ಹೆಸರು ಬರೆದು ನನ್ನ ಕೈಗೆ ಕೊಟ್ಟ.

ಆತು ಬಿಡಿ, ನೋಡೋಣ ಎಂದೆ. ಅದೇ ಹೊತ್ತಿಗೆ ಒಬ್ಬ ತಾಯಿ ಮಗಳ ಶಾಲೆಯ ಯೂನಿಫಾರ್ಮ್ ಅಳತೆ ಕೊಡಲು ಬಂದಳು. ಕೋಚ್ ಚಪ್ಪಲಿ ಮೆಟ್ಟಿಕೊಂಡು ಹೋದ. ನಾನು ಅಳತೆ ಬರೆದುಕೊಳ್ಳಲು ಕೈಗೆ ಸಿಕ್ಕ ಚೀಟಿಯನ್ನು ತಿರುವಿ, ಎದೆ, ತೋಳು, ಉದ್ದ ಎಂದು ಬರೆದೆ. ಬರೆದದ್ದನ್ನು ಗೋಡೆಯ ತಂತಿಗೆ ಚುಚ್ಚಿದೆ. ನಮ್ಮ ಕಸುಬಿನಲ್ಲಿ ಅಳತೆಯ ಚೀಟಿಗಳ ಗತಿಯೇ ಅದು. ಹೆಸರು ಓದಲಿಲ್ಲ. ಓದಬಾರದು ಅಂತೇನೂ ಅಲ್ಲ, ಆಮೇಲೆ ಓದಿದರಾಯಿತು ಅನ್ನಿಸಿತ್ತು.

ನಾಲ್ಕನೆಯ ಆಟ ಹುಕ್ಕೇರಿಯಲ್ಲಿ. ಆ ಡಿಫೆಂಡರ್‌ನ ಊರಿನವರು ಒಂದು ಟೆಂಪೋ ತುಂಬ ಬಂದಿದ್ದರು. ಹಗ್ಗಕ್ಕೆ ಆತು ನಿಂತು ಏನೋ ಕೂಗುತ್ತಿದ್ದರು. ಅವನ ಹೆಸರನ್ನೇ ಕೂಗುತ್ತಿದ್ದಿರಬೇಕು. ನನ್ನ ನಾಲ್ಕು ಸ್ಪೀಕರ್‌ಗಳ ಮುಂದೆ ಅದು ಯಾರಿಗೆ ಕೇಳಬೇಕು? ಕೋಚ್ ಕೇಳಿಕೊಂಡದ್ದು ನನಗೆ ನೆನಪಿತ್ತು. ಮೊದಲ ಹತ್ತು ನಿಮಿಷ ನಾಲಿಗೆ ಬಿಗಿಹಿಡಿದುಕೊಂಡೆ ಕೂಡ. ಆಮೇಲೆ ಜನ ಸಪ್ಪಗಾದರು, ನಾನು ನಗಿಸಲಿ ಎಂದು ನನ್ನ ಕಡೆ ನೋಡತೊಡಗಿದರು. ನನಗೆ ತಡೆಯಲಾಗಲಿಲ್ಲ.

"ಹುಕ್ಕೇರಿ ಮಂದಿ ಕೇಳ್ರಿ. ನಿಮ್ಮ ಗೂಟ ಐತಿ ಇದು. ಹೋಗೂಮುಂದ ಕಿತ್ಕೊಂಡ ಹೋಗ್ರಿ."

ಎಲ್ಲ ಕಡೆ ನಗು. ಹಗ್ಗದ ಹತ್ತಿರ ನಿಂತಿದ್ದವರು ಮಾತ್ರ ಸುಮ್ಮನಾದರು. ಅವರ ನಡುವೆ ಹೆಗಲ ಮೇಲೆ ಹಸಿರು ಟವೆಲ್ ಹಾಕಿಕೊಂಡ ಒಬ್ಬ ಹಿರಿಯ ಇದ್ದ. ಅವನು ಆಟ ಬಿಟ್ಟು ನನ್ನ ಕಡೆ ತಿರುಗಿ ನೋಡಿದ. ಸಿಟ್ಟಿನಿಂದಲ್ಲ. ಈ ಮನುಷ್ಯನಿಗೆ ನಾವೇನು ಮಾಡಿದ್ದೇವೆ ಎಂದು ತಿಳಿಯಲು ನೋಡುತ್ತಿದ್ದ ಹಾಗಿತ್ತು. ನಾನು ಮುಖ ತಿರುಗಿಸಿ ನೀರು ಕುಡಿದೆ.

ಮುಂದಿನ ರೇಡಿಗೇ ಆ ಡಿಫೆಂಡರ್ ಮೂಲೆ ಬಿಟ್ಟ. ರೈಡರ್ ಇನ್ನೂ ನಡುಗೆರೆ ದಾಟುತ್ತಿದ್ದಾಗಲೇ ಮುಂದೆ ಹಾರಿ ಸೊಂಟಕ್ಕೆ ಕೈ ಹಾಕಿದ. ರೈಡರ್ ಅವನನ್ನು ಮುಟ್ಟಿ ನಗುತ್ತ ಹಿಂದಿರುಗಿದ. ಮತ್ತೆ ಒಳಗೆ ಬಂದಾಗಲೂ ಅವನು ಹಾಗೇ ಹಾರಿದ, ಹಾಗೇ ಔಟಾದ. ನಾನು ಕೇಳಿದ್ದು ಅದನ್ನೇ ಅಲ್ಲವೇ, ಅಲ್ಲಾಡು ಎಂದು? ಅಲ್ಲಾಡಿದ. ಕೋಚ್ ಗೆರೆಯ ಹೊರಗೆ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಕೆಳಗೆ ಒತ್ತಿ ತೋರಿಸುತ್ತ, ಅಲ್ಲೇ ನಿಲ್ಲು ಎಂದು ಸನ್ನೆ ಮಾಡುತ್ತಲೇ ಇದ್ದ. ದೊಡ್ಡ ಅಂತರದಲ್ಲಿ ಸೋತೆವು.

ಮರುದಿನ ಅರ್ಜಿ ಸಮಿತಿಗೆ ಹೋಯಿತು. ಎರಡು ದಿನದಲ್ಲಿ ಕೋಚ್‌ನನ್ನು ಬಿಡಿಸಿದರು. ಅವನು ಅಂಗಳಕ್ಕೆ ಬಂದು ಸೀಟಿ, ಕೋನುಗಳು, ಔಷಧದ ಪೆಟ್ಟಿಗೆ ಎಲ್ಲವನ್ನೂ ಒಪ್ಪಿಸಿ, ಬೈಕ್ ಹತ್ತಿ ಕೊಣ್ಣೂರಿನ ದಾರಿ ಹಿಡಿದ. ಆ ಡಿಫೆಂಡರ್ ಕೂಡ ಅದೇ ವಾರ ಊರಿಗೆ ಹೋದ. ಬದಲಿಗೆ ಬಂದ ಕೋಚ್ ಅನುಭವಿ, ನನ್ನ ಜೊತೆ ಓದಿದವನು. ಅವನ ಕೈಯಲ್ಲೂ ಸೋತೆವು. ಆದರೆ ಅವನಿಗಾಗಿ ನಾನು ಮೈಕಿನಲ್ಲಿ ತಾಳ್ಮೆಯ ಉಪದೇಶ ಮಾಡಿದೆ. ಅವನಿಗೆ ಸಮಯ ಕೊಡಬೇಕೆಂದು ನಾನೇ ಹೇಳಿದ್ದನ್ನು ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಮರುವರ್ಷ ಮೂಡಲಗಿಯವರು ಕೊಣ್ಣೂರಿನ ಆ ಕೋಚ್‌ನನ್ನು ಕರೆದುಕೊಂಡರು. ಅವನು ಕೊನೆಯ ಪಾಳಿಯಲ್ಲಿ, ಯಾರಿಗೂ ಬೇಡವಾಗಿ ಕರಿಹಲಗೆಯ ಮೇಲೆ ಉಳಿದಿದ್ದ ಅದೇ ಹೆಸರಿಗೆ ಮತ್ತೆ ಗೆರೆ ಎಳೆದ. ಕೌಜಲಗಿಯ ರೈಡರ್ ಕೂಡ ಅವರಲ್ಲೇ ಇದ್ದ, ಚೆನ್ನಾಗಿಯೇ ಆಡಿದ. ಹಾಗಾಗಿ ಆ ಮೊದಲ ಪಾಳಿಯಲ್ಲಿ ಕೋಚ್ ಮಾಡಿದ ಆಯ್ಕೆ ಸರಿಯಿತ್ತೋ ತಪ್ಪಿತ್ತೋ, ಚಹಾದಂಗಡಿಯಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ. ನನ್ನ ನಾಚಿಕೆಗೂ ಅದಕ್ಕೂ ಸಂಬಂಧವಿಲ್ಲ. ಅವನು ತಪ್ಪೇ ಆರಿಸಿದ್ದರೂ ನಾನು ಮಾಡಿದ್ದು ಮಾಡಿದ್ದೇ.

ಫೈನಲ್ ಗೋಕಾಕದಲ್ಲಿ, ನಮಗೂ ಮೂಡಲಗಿಗೂ. ಅವನು ಎಡ ಮೂಲೆಯಲ್ಲಿ ನಿಂತ. ಹೋದ ವರ್ಷದ ಹಾಗೆಯೇ ಮೊಣಕಾಲು ಬಾಗಿಸಿ, ಪಾದ ನೋಡುತ್ತ. ನಮ್ಮವರು ಒಬ್ಬೊಬ್ಬರಾಗಿ ಒಳಗೆ ಹೋದರು, ಒಬ್ಬೊಬ್ಬರಾಗಿ ಅವನ ಕೈಗೆ ಕಾಲು ಕೊಟ್ಟರು. ಈಗ ಅವನು ಹಿಡಿದ ಕ್ಷಣಕ್ಕೆ ಪಕ್ಕದವರಿಬ್ಬರು ಬಂದು ಮುತ್ತುತ್ತಿದ್ದರು. ನನ್ನ ದನಿ ಕೇಳಿ ಒಮ್ಮೆಯೂ ತಲೆ ಎತ್ತಲಿಲ್ಲ. ಮೂಡಲಗಿ ಗೆದ್ದಿತು.

ಬಹುಮಾನ ಕೂಗುವ ಕೆಲಸವೂ ನನ್ನದೇ. ಸಮಿತಿಯವರು ಕೊಟ್ಟ ಚೀಟಿಯಲ್ಲಿ ಉತ್ತಮ ಡಿಫೆಂಡರ್, ಮೂಡಲಗಿ, ನಂಬರ್ ನಾಲ್ಕು ಎಂದಷ್ಟೇ ಇತ್ತು. ಮೈಕ್ ಎತ್ತಿಕೊಂಡೆ. ನಾಲಿಗೆಯ ತುದಿಗೆ ಗೂಟ ಬಂತು, ಬೇರೇನೂ ಬರಲಿಲ್ಲ. ಅವನು ಆಗಲೇ ಬಂದು ನನ್ನೆದುರು ನಿಂತಿದ್ದ, ಮೈಯೆಲ್ಲ ಬೆವರು. ಸಮಿತಿಯವರು ಕರದಂಟಿನ ಡಬ್ಬಿಯನ್ನೂ ಫಲಕವನ್ನೂ ಹಿಡಿದು ಕಾಯುತ್ತಿದ್ದರು. ನಾನು ಮೈಕಿಗೆ ಅಂಗೈ ಮುಚ್ಚಿ, ಬಗ್ಗಿ ಅವನನ್ನು ಕೇಳಿದೆ.

"ತಮ್ಮಾ, ನಿನ್ನ ಹೆಸರೇನಪಾ?"

ಅಂಗೈ ಸಾಲಲಿಲ್ಲ. ನಾಲ್ಕೂ ಸ್ಪೀಕರ್‌ಗಳಲ್ಲಿ ನನ್ನ ಪ್ರಶ್ನೆ ಅಂಗಳದ ಆಚೆಯವರೆಗೂ ಹೋಯಿತು. ಎಷ್ಟೋ ಸಾವಿರ ಸಲ ನಗಿಸಿದ ಜನ, ಒಬ್ಬರೂ ನಗಲಿಲ್ಲ. ಅವನು ನೆಲ ನೋಡುತ್ತ ನಿಂತ. ಕೋಚ್ ಮೇಜಿನ ಹತ್ತಿರ ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡು, ಅವನ ಹೆಸರು, ಅವನ ತಂದೆಯ ಹೆಸರು, ಅವನ ಊರು, ಮೂರನ್ನೂ ಬಿಡಿಸಿ ಬಿಡಿಸಿ ಹೇಳಿದ. ಹಗ್ಗದ ಆಚೆ ಹಸಿರು ಟವೆಲ್ಲಿನ ಆ ಹಿರಿಯ ಟವೆಲ್ ತೆಗೆದು ಮುಖ ಒರೆಸಿಕೊಂಡ. ಆಗ ತಿಳಿಯಿತು, ಅವನು ತಂದೆ.

ಕೋಚ್ ಮೈಕನ್ನು ಮೇಜಿನ ಮೇಲಿಟ್ಟು, ನನಗೆ ಮಾತ್ರ ಕೇಳುವಂತೆ ಹೇಳಿದ.

"ಬರದ ಕೊಟ್ಟಿದ್ನೆಲ್ರಿ ಕಾಕಾ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಒಂದು ಮಾತು ತಿರುಗಿಸಿ ಹೇಳಿ ಪಾರಾಗುತ್ತಿದ್ದೆ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ತೆರೆದು, ಗೋಡೆಯ ತಂತಿ ಇಳಿಸಿ, ಹಳೆಯ ಚೀಟಿಗಳನ್ನು ಒಂದೊಂದಾಗಿ ಬಿಡಿಸಿದೆ. ವರ್ಷಕ್ಕೂ ಮೇಲಿನ ಅಳತೆಗಳು. ತಳದ ಹತ್ತಿರ ಅದು ಸಿಕ್ಕಿತು. ಒಂದು ಕಡೆ ನನ್ನ ಅವಸರದ ಅಕ್ಷರದಲ್ಲಿ ಎದೆ, ತೋಳು, ಉದ್ದ. ತಿರುವಿದರೆ ಕೋಚ್‌ನ ದುಂಡನೆಯ ಅಕ್ಷರದಲ್ಲಿ ಅವನ ಹೆಸರು, ನಡುವೆ ನನ್ನ ತಂತಿ ಚುಚ್ಚಿದ ತೂತು. ಸಣ್ಣ ಹೆಸರು, ಒಮ್ಮೆ ಕೇಳಿದರೆ ಮರೆಯುವಂಥದ್ದಲ್ಲ.

ಈಗ ಪಟ್ಟಿಯಿಲ್ಲದೆ ಮೈಕ್ ಮುಟ್ಟುವುದಿಲ್ಲ. ಕನ್ನಡಕ ಏರಿಸಿ ನಂಬರ್ ನೋಡಿ ಹೆಸರು ಓದುತ್ತೇನೆ, ಕಾಮೆಂಟರಿ ಸಪ್ಪೆಯಾಗಿದೆ ಎಂದು ಜನ ಬೈಯುತ್ತಾರೆ. ಅವನ ಹೆಸರನ್ನು ಇಲ್ಲಿ ಬರೆದು ಪುಣ್ಯ ಕಟ್ಟಿಕೊಳ್ಳುವ ಆಸೆ ನನಗಿಲ್ಲ. ಅದನ್ನು ನಾನು ಹೇಳಬೇಕಿದ್ದದ್ದು ಹುಕ್ಕೇರಿಯ ಅಂಗಳದಲ್ಲಿ. ಅವನ ತಂದೆ ಆಗ ಹಗ್ಗ ಹಿಡಿದು, ನನ್ನ ಬಾಯನ್ನೇ ನೋಡುತ್ತ ನಿಂತಿದ್ದ.