ನೀರಿಲ್ಲದ ಲೆಕ್ಕ

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಫಿಲೇಚರುಗಳ ವಾಸನೆ ಬಡಿದರೆ ಹೊಸಬರ ಹೊಟ್ಟೆ ತೊಳಸುತ್ತದೆ. ಬೆಂದ ರೇಷ್ಮೆಗೂಡು, ಸತ್ತ ಹುಳು, ಎರಡು ದಿನ ನಿಂತ ನೀರು. ಥೂ, ಹೇಳತೀರದು! ಶಿವಲಿಂಗಮ್ಮ ಆ ನೀರಿನಲ್ಲಿ ಕೈ ಅದ್ದಿ ಎಳೆ ತೆಗೆಯುತ್ತಾ ಇಪ್ಪತ್ತೆರಡು ವರ್ಷ ಕಳೆದವಳು. ಬಸ್ಸಿನಲ್ಲಿ ಪಕ್ಕದವರು ಸೆರಗನ್ನು ಮೂಗಿಗೆ ಒತ್ತಿಕೊಂಡು ಎದ್ದು ಹೋಗುವುದನ್ನು ಅವಳ ಮಗಳು ಲತಾಮಣಿ ಚಿಕ್ಕಂದಿನಿಂದ ನೋಡಿದ್ದಳು. ಆ ಸಿಟ್ಟಿಗೇ ಕೆಮಿಸ್ಟ್ರಿ ಓದಿದಳು, ಪಿಎಚ್.ಡಿ.ಗೆ ಸೇರಿ ಆ ನಾತದ ಬೆನ್ನು ಹತ್ತಿದಳು.

ಅವಳದು ಬಾಟಲಿ ಅಲ್ಲಾಡಿಸುವ ಕೆಲಸವಲ್ಲ, ಎಲ್ಲ ಕಂಪ್ಯೂಟರಿನಲ್ಲೇ. ಹುಳು ಕೊಳೆತಾಗ ಹುಟ್ಟುವ ಇಂಡೋಲ್ ಎಂಬ ಅಣುವೊಂದಿದೆ, ನಾರುವುದರಲ್ಲಿ ಎತ್ತಿದ ಕೈ. ಗ್ರಾಫೀನ್ ಎಂದರೆ ಒಂದೇ ಪರಮಾಣುವಿನಷ್ಟು ತೆಳ್ಳಗಿನ ಇಂಗಾಲದ ಹಾಳೆ. ಫಿಲೇಚರಿನ ನೀರಿನಿಂದ ನಾತ ಸೋಸುವ ಫಿಲ್ಟರಿಗಾಗಿ, ಆ ಹಾಳೆಯ ಮೇಲೆ ಇಂಡೋಲ್ ಎಷ್ಟು ಗಟ್ಟಿಯಾಗಿ ಕೂರುತ್ತದೆಂದು ಲೆಕ್ಕ ಹಾಕಬೇಕಿತ್ತು. ಮೊದಲ ಲೆಕ್ಕದಲ್ಲಿ ಅದು ರೊಟ್ಟಿ ಕಾವಲಿ ಹಿಡಿದ ಹಾಗೆ ಮೈಚಾಚಿ ಹಿಡಿದುಕೊಂಡಿತು. ಲತಾಮಣಿ ಕುಣಿದಾಡಿಬಿಟ್ಟಳು. ಆದರೆ ಆ ಲೆಕ್ಕದಲ್ಲಿದ್ದದ್ದು ಹಾಳೆ, ಅಣು, ಸುತ್ತ ಬರೀ ಖಾಲಿ ಜಾಗ. ನೀರು ಸೇರಿಸಿ, ಗೂಡಿನಿಂದ ಕರಗುವ ಗೋಂದನ್ನೂ ಸೇರಿಸಿ ನೋಡಿದರೆ, ಗೋಂದು ಹಾಳೆಯನ್ನೆಲ್ಲ ಆವರಿಸಿಕೊಂಡು ಇಂಡೋಲನ್ನು ಆಚೆ ದಬ್ಬಿತು.

"ನೀರು, ಗೋಂದು ಎಲ್ಲ ಬಿಟ್ಟುಬಿಡಮ್ಮ. ಮೊದಲನೆಯದೇ ಚೆನ್ನಾಗಿದೆ," ಎಂದರು ಅವಳ ಗೈಡ್ ಅನಂತರಾಜು.

ನೀರು ಸೋಸುವ ಫಿಲ್ಟರಿಗೆ ನೀರೇ ಇಲ್ಲದ ಲೆಕ್ಕ! ಇದಕ್ಕಿಂತ ಅಸಹ್ಯ ಬೇಕೆ? ಆದರೆ ಥೀಸಿಸ್ ಮುಗಿಯಬೇಕಾದರೆ ಅವರ ಸಹಿ ಬೇಕು. ಲತಾಮಣಿ ಬಾಯಿ ಮುಚ್ಚಿಕೊಂಡಳು. ಪೇಪರ್ ಅಚ್ಚಾಯಿತು, ಅದನ್ನು ನಂಬಿ ಕಂಪನಿಯೊಂದು ಫಿಲ್ಟರನ್ನೂ ಮಾಡಿತು.

ಎರಡು ವರ್ಷ ಕಳೆದು ಆ ಫಿಲ್ಟರು ಬಂದು ಕೂತದ್ದು ಎಲ್ಲಿ? ಶಿವಲಿಂಗಮ್ಮ ದುಡಿಯುವ ಅಮೀರ್ ಸಾಬರ ಫಿಲೇಚರಿನಲ್ಲೇ. ಮಾರುವುದಕ್ಕೆ ಕಂಪನಿಯವರು, ಹೊಗಳುವುದಕ್ಕೆ ಅನಂತರಾಜು, ಅವರ ಹಿಂದೆ ಲತಾಮಣಿ. ಇದೊಂದು ಮುಗಿದರೆ ನಾಳೆಯೇ ಥೀಸಿಸ್ಸಿಗೆ ಸಹಿ ಎಂದು ಅನಂತರಾಜು ದಾರಿಯಲ್ಲಿ ಅವಳಿಗೆ ಹೇಳಿದ್ದರು.

ನೀರು ಫಿಲ್ಟರಿನಿಂದ ಬಕೆಟ್ಟಿಗೆ ಇಳಿಯಿತು. ಕಣ್ಣಿಗೆ ತಿಳಿ, ಮೂಗಿಗೆ ಅದೇ ಹೊಲಸು ನಾತ. ಅನಂತರಾಜು ಸೆಂಟು ಹಾಕಿದ ಕರ್ಚೀಫನ್ನು ಮೂಗಿನಿಂದ ಕದಲಿಸದೆಯೇ, "ನೋಡಿ, ವಾಸನೆ ಮಾಯ!" ಎಂದರು. ನಾಚಿಕೆ ಎನ್ನುವುದು ಆ ಮನುಷ್ಯನ ಹತ್ತಿರ ಸುಳಿದಿರಲಿಲ್ಲ.

"ನಂಗೆ ನೆಗಡಿ ಐತೆ. ಶಿವಲಿಂಗಮ್ಮ, ನೀನ್ ನೋಡಮ್ಮ," ಎಂದರು ಅಮೀರ್ ಸಾಬರು.

ಶಿವಲಿಂಗಮ್ಮ ಬಕೆಟ್ಟಿನ ಮೇಲೆ ಬಗ್ಗಿದಳು. ತಲೆಯೆತ್ತಿ ಮಗಳ ಮೇಷ್ಟ್ರ ಮುಖ ನೋಡಿದಳು. "ಇಲ್ಲ ಸಾ, ಒಸಿನೂ ನಾರ್ತಾ ಇಲ್ಲ."

ಲತಾಮಣಿ ಅವ್ವನ ಪಕ್ಕಕ್ಕೆ ಬಂದಳು. ಜೀವಮಾನವಿಡೀ ಈ ನಾತಕ್ಕೆ ಅವಮಾನ ತಿಂದ ಹೆಂಗಸು, ಅವಳ ಬಾಯಲ್ಲೇ ಅದು ಇಲ್ಲ ಅನ್ನಿಸಿದ್ದಾಯಿತು! ಛೀ!

"ನಾರ್ತೈತೆ ಕಣವ್ವ. ಸಾಬ್ರೇ, ಇದನ್ನ ತಗೋಬೇಡಿ. ಇದರ ಲೆಕ್ಕ ಹಾಕಿದ್ದು ನಾನೇ. ನೀರು ಸೇರಿಸಿದ್ರೆ ಇದು ಕೆಲಸ ಮಾಡಲ್ಲ ಅಂತ ಗೊತ್ತಿದ್ದೂ ಮುಚ್ಚಿಟ್ಟಿದ್ದೆ," ಎಂದಳು ಲತಾಮಣಿ.

ಅನಂತರಾಜು ಈಗ ಕರ್ಚೀಫು ತೆಗೆದರು. "ಬೇರೆ ಗೈಡ್ ನೋಡ್ಕೋ. ನನ್ನ ಸಹಿ ಈ ಜನ್ಮದಲ್ಲಿ ಸಿಗಲ್ಲ," ಎಂದು ಕಾರು ಹತ್ತಿ ಹೋದರು.

ಶಿವಲಿಂಗಮ್ಮ ಬೆಂದು ಸುಕ್ಕಾದ ಕೈಯಿಂದ ಹಣೆ ಚಚ್ಚಿಕೊಂಡಳು. "ನಿಂಗೆ ಸಯಿ ಬೀಳ್ಲಿ ಅಂತ ತಾನೇ ನಾನ್ ಸುಳ್ಳೇಳಿದ್ದು? ಎಲ್ಲಾನೂ ಹಾಳ್ ಮಾಡ್ಕಂಡ್ಬುಟ್ಟಲ್ಲೇ!"

"ನಾನೂ ಅದಕ್ಕೇ ಕಣವ್ವ, ಎರಡು ವರ್ಸ ಸುಳ್ಳೇಳಿದ್ದು," ಎಂದಳು ಲತಾಮಣಿ.