ಪಟ್ಟಿಯ ಬಾಲಕ್ಕೆ ಬಿದ್ದ ತೊರಗಲ್ ಗಾರ್ಡ್

ಗಾರ್ಡುಗಳ ಸೀನಿಯಾರಿಟಿ ಪಟ್ಟಿಯನ್ನು ಟೈಪು ಮಾಡುವುದು ನಮ್ಮ ಜಂಕ್ಷನ್ ಆಫೀಸಿನಲ್ಲಿ ನನ್ನ ಕೆಲಸವಾಗಿತ್ತು. ಆ ವರ್ಷದ ಪಟ್ಟಿಯ ಕೊನೆಯ ಸಾಲಿಗೆ ಬಂದಾಗ ನನ್ನ ಬೆರಳು ನಿಂತುಬಿಟ್ಟಿತು. ಮೀಸೆ ಸರಿಯಾಗಿ ಮೂಡದ ಹುಡುಗರ ಹೆಸರುಗಳೆಲ್ಲ ಮುಗಿದ ಮೇಲೆ, ಎಲ್ಲರಿಗಿಂತ ಕೆಳಗೆ, ರಾಚಪ್ಪ ತೊರಗಲ್ ಎಂದು ಬರೆದಿತ್ತು. ತಲೆ ಹಣ್ಣಾದ ಮನುಷ್ಯ, ಗಾಡಿಯ ಹಿಂದೆ ನಿಂತು ಅರ್ಧ ಆಯುಷ್ಯ ಕಳೆದವರು. ಯಾರೋ ನಿದ್ದೆಗಣ್ಣಲ್ಲಿ ಬರೆದಿದ್ದಾರೆಂದು ಸಾಹೇಬರ ಹತ್ತಿರ ಒಯ್ದೆ. ಇದ್ದದ್ದನ್ನು ಇದ್ದಂತೆ ಹೊಡಿಯಮ್ಮ ಎಂದರು ಅವರು, ತಲೆಯನ್ನೂ ಎತ್ತದೆ.

ಹೊರಗಿನವರಿಗೆ ಇದರಲ್ಲೇನು ಮಹಾ ಎನಿಸಬಹುದು. ನಮ್ಮಲ್ಲಿ ಮಾತ್ರ ಸೀನಿಯಾರಿಟಿ ಎಂದರೆ ಕುಲದೇವರಿಗಿಂತ ಒಂದು ಕೈ ಮೇಲು. ಯಾರಿಗೆ ಪ್ಯಾಸೆಂಜರ್ ಗಾಡಿ, ಯಾರಿಗೆ ಗೂಡ್ಸು, ಯಾರಿಗೆ ಮನೆಯಲ್ಲಿ ದೀಪಾವಳಿ, ಯಾರಿಗೆ ನಳದ ನೀರು ಬರುವ ಕ್ವಾರ್ಟರ್ಸು, ಎಲ್ಲವನ್ನೂ ಆ ಪಟ್ಟಿಯೇ ಹೇಳುತ್ತಿತ್ತು. ಚಹಾ ತರುವವನು ಕೂಡ ಮೊದಲ ಕಪ್ಪು ಯಾರಿಗೆ ಕೊಡಬೇಕೆಂದು ತಿಳಿದುಕೊಂಡಿದ್ದ. ಪರೀಕ್ಷೆ ಬರೆದು ನೇರ ಬಂದವರದು ಒಂದು ಬೆಂಚು, ಬೇರೆ ಕಡೆಯಿಂದ ವರ್ಗವಾಗಿ ಬಂದವರದು ಇನ್ನೊಂದು ಬೆಂಚು. ತಾನಾಗಿ ಬೇಡಿಕೊಂಡು ಬಂದವನು ಹಳೆಯ ಸರ್ವೀಸನ್ನೆಲ್ಲ ಅಲ್ಲೇ ಬಿಟ್ಟು ಬಂದಂತೆ. ಇಲ್ಲಿಯ ಪಟ್ಟಿಯಲ್ಲಿ ಅವನು ಬಾಲ.

ಆದರೆ ತೊರಗಲ್ ಅವರು ಹಾಗೆ ಬಂದವರಲ್ಲ. ಅವರದು ಅದಲು-ಬದಲು. ಅಲ್ಲಿಯವನು ಇಲ್ಲಿಗೆ, ಇಲ್ಲಿಯವನು ಅಲ್ಲಿಗೆ. ಇಬ್ಬರೂ ಜಾಗ ಬದಲಿಸಿದರೆ ಬಾಲಕ್ಕೆ ಬೀಳುವ ಪ್ರಶ್ನೆಯಿಲ್ಲ.

ಅವರು ಹನ್ನೊಂದು ವರ್ಷ ಒಡಿಶಾದ ಕಲ್ಲಿದ್ದಲ ಲೈನಿನಲ್ಲಿ ಗಾರ್ಡ್ ಆಗಿದ್ದರು. ಜೊತೆಗೆ ಹೆಂಡತಿ ನೀಲವ್ವ. ಆ ಊರಿಗೆ ಹೋದ ಮೊದಲ ವರ್ಷವೇ ಆಕೆ ಮಾತು ಬಿಟ್ಟಳಂತೆ. ಯಾರ ಭಾಷೆಯೂ ತಿಳಿಯದ ಕಡೆ ಯಾರ ಜೊತೆ ಆಡುವುದು ಎಂದು ಮೊದಮೊದಲು ತೊರಗಲ್ ಅಂದುಕೊಂಡರು. ಆಮೇಲೆ ಗಂಡನ ಜೊತೆಗೂ ನಿಂತಿತು. ಡಾಕ್ಟರು, ದೇವರು, ಅಂತ್ರ ಎಲ್ಲ ಆಯಿತು. ಊರಿಗೆ ಕರೆದುಕೊಂಡು ಹೋಗಪ್ಪ ಎಂದರು ಎಲ್ಲರೂ. ನಮ್ಮಲ್ಲಿದ್ದ ಭ್ರಮರ ಬೆಹೆರಾ ಎಂಬ ಒಡಿಯಾ ಗಾರ್ಡ್ ತನ್ನೂರಿಗೆ ಹೋಗಲು ಒದ್ದಾಡುತ್ತಿದ್ದ. ಅದಲು-ಬದಲಿಗೆ ಇಬ್ಬರಿಗೂ ಗಂಟು ಬಿತ್ತು.

ತೊರಗಲ್ ಬಂದು ಡ್ಯೂಟಿಗೆ ಸೇರಿದ ಮರುದಿನ ಬೆಹೆರಾನ ಬೀಳ್ಕೊಡುಗೆ. ಅವನ ಬಿಡುಗಡೆಯ ಆರ್ಡರಿಗೆ ಸಹಿ ಬಿದ್ದಿತ್ತು. ಹಾರ ಹಾಕಿ, ಪೇಡೆ ಹಂಚಿ, ಪ್ಲಾಟ್‌ಫಾರ್ಮಿನವರೆಗೆ ಕಳಿಸಲು ನಾವೆಲ್ಲ ಹೋದೆವು. ಹೆಂಡತಿ ಕುಂತಲಾ ಎರಡು ಮಕ್ಕಳನ್ನು ಹತ್ತಿಸಿ ಬಾಗಿಲಲ್ಲಿ ನಿಂತಿದ್ದಳು. ಬೆಹೆರಾ ತನ್ನ ಕಬ್ಬಿಣದ ಗಾರ್ಡ್ ಪೆಟ್ಟಿಗೆಯನ್ನು ಎತ್ತಲು ಬಾಗಿದವನು ಅದರ ಮೇಲೆಯೇ ಕುಸಿದ. ಏಳುತ್ತಾನೆ ಎಂದುಕೊಂಡೆವು. ಹಾರ ಕೊರಳಲ್ಲೇ ಇತ್ತು. ಅವನು ಹೋಗಿಬಿಟ್ಟಿದ್ದಾನೆಂದು ಕುಂತಲಾಗೆ ಹೇಳಲು ನಮಗೆ ಯಾರಿಗೂ ಭಾಷೆ ಬರುತ್ತಿರಲಿಲ್ಲ. ನಿನ್ನೆ ಬಂದ ತೊರಗಲ್ ಮುಂದೆ ಹೋಗಿ, ಅವಳ ಭಾಷೆಯಲ್ಲಿ ಹೇಳಿದರು. ಇವತ್ತಿಗೂ ಆ ಪ್ಲಾಟ್‌ಫಾರ್ಮಿನ ಆ ಜಾಗವನ್ನು ನಾನು ತುಳಿಯದೆ ಸುತ್ತಿ ಹೋಗುತ್ತೇನೆ.

ಮಣ್ಣು ಮಾಡಿ ಬಂದ ಮೇಲೆ ಹೊಸ ಸಂಕಟ. ಅವನು ನಮ್ಮಲ್ಲಿಗೆ ಬಂದೇ ಇಲ್ಲ ಎಂದಿತು ಒಡಿಶಾದ ಆಫೀಸು. ನಮ್ಮಿಂದ ಬಿಟ್ಟು ಹೋಗಿದ್ದಾನೆ ಎಂದಿತು ನಮ್ಮ ಆಫೀಸು. ಸತ್ತವನು ಯಾರಿಗೂ ಬೇಡವಾದ. ವಿಧವೆಗೆ ನೌಕರಿ ಕೊಡುವವರು ಯಾರು? ಆಗ ನೇರ ಬಂದವರ ಮುಖಂಡ ಗುರುನಾಥ ಹಂಚಿನಾಳ, ಜೋರು ಬಾಯಿಯ, ಆದರೆ ಕರುಳಿದ್ದ ಮನುಷ್ಯ, ಎಲ್ಲರನ್ನೂ ಕೂಡಿಸಿ ಒಂದು ದಾರಿ ಹೇಳಿದ.

"ಬಿಡುಗಡಿ ಆಗಿದ್ದಿಲ್ಲ ಅಂತ ಮಾಡೂಣು. ಸಾಯೂಮಟ ನಮ್ಮಾಂವನ ಇದ್ದ. ಸಾಹೇಬ್ರಿಗೆ ನಾ ಹೇಳ್ತೀನಿ."

ಆರ್ಡರು ಹರಿದುಹೋಯಿತು. ಆ ದಿನ ಅದು ಸುಳ್ಳು ಎಂದು ಯಾರಿಗೂ ಅನಿಸಲಿಲ್ಲ, ಪುಣ್ಯದ ಕೆಲಸ ಎಂದೇ ಎಲ್ಲರೂ ತಲೆಯಾಡಿಸಿದೆವು. ಕುಂತಲಾಗೆ ಇದನ್ನು ತಿಳಿಸಿ ಹೇಳಿದವರೂ ತೊರಗಲ್ಲೇ. ದೊಡ್ಡ ಸಾಹೇಬರು ಕೇಳಿದರೆ ಹೇಳಲೆಂದು ಒಂದು ಸಾಲು ಕನ್ನಡವನ್ನು ಅವಳಿಗೆ ಬಾಯಿಪಾಠ ಮಾಡಿಸಿದರು: "ನಮ್ಮನಿಯವರು ಸಾಯೂಮಟ ಈ ಊರ ಗಾರ್ಡ ಇದ್ರು, ಸಾಹೇಬ್ರ." ಅವಳು ಕಲಿತ ಮೊದಲ ಕನ್ನಡ ಅದು. ಕೈ ಮುಗಿದು, ತೊರಗಲ್ ಎಳೆದಂತೆಯೇ ಕೊನೆಯ ಮಾತನ್ನು ಎಳೆದು ಹೇಳುತ್ತಿದ್ದಳು.

ನೌಕರಿ ಬಂತು. ಆಫೀಸಿನಲ್ಲಿ ಫೈಲು ಹೊರುವುದು, ನೀರು ತುಂಬುವುದು. ಅವಳ ಕ್ವಾರ್ಟರ್ಸು ತೊರಗಲ್ ಅವರ ಮನೆಯ ಪಕ್ಕದಲ್ಲಿ. ಇತ್ತ ನೀಲವ್ವನ ಬಾಯಿ ಬಿಚ್ಚಿತ್ತು. ನಳದ ಕಟ್ಟೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಸಿಕ್ಕವರ ಜೊತೆಯೆಲ್ಲ ಮಾತು. ಕುಂತಲಾಗೆ ರೊಟ್ಟಿ ಬಡಿಯಲು ಕಲಿಸಿದಳು, ರೊಟ್ಟಿಯ ಜೊತೆಗೆ ಭಾಷೆಯನ್ನೂ. ಎರಡು ವರ್ಷದಲ್ಲಿ ಆ ಒಡಿಯಾ ಹುಡುಗಿ ನನ್ನನ್ನೇ "ಅಕ್ಕಾರ, ಬಾಳ ಸೊರಗೀರಲ್ಲಾ" ಎಂದು ಕೆಣಕುವಷ್ಟಾದಳು. ಹೆಂಡತಿ ಮಾತಾಡುವುದನ್ನು ಕೇಳಲೆಂದೇ ತೊರಗಲ್ ಡ್ಯೂಟಿ ಮುಗಿಸಿ ನೆಟ್ಟಗೆ ಮನೆಗೆ ಹೋಗುತ್ತಿದ್ದರು.

ಅಂಥ ಹೊತ್ತಿನಲ್ಲಿ ಆ ಪಟ್ಟಿ ಬಂತು, ತೊರಗಲ್ ಬಂದ ಮೇಲಿನ ಮೊದಲ ಪಟ್ಟಿ. ಬೋರ್ಡಿಗೆ ಹಚ್ಚಿದ್ದನ್ನು ನೋಡಿ ತೊರಗಲ್ ಮೊದಲು ನಕ್ಕರು. ನಮ್ಮ ಹುಡುಗರ ಚೇಷ್ಟೆ ಎಂದುಕೊಂಡಿದ್ದರು. ಮೇಲೆ ಕೇಳಿದಾಗ ಉತ್ತರ ಸರಳವಾಗಿತ್ತು: ಬೆಹೆರಾ ಸಾಯುವವರೆಗೆ ಇಲ್ಲಿಯ ಗಾರ್ಡ್ ಆಗಿದ್ದ. ಅವನು ಜಾಗ ಬಿಟ್ಟೇ ಇಲ್ಲ. ಅವನು ಬಿಡದಿದ್ದರೆ ನಿನ್ನದು ಅದಲು-ಬದಲು ಹೇಗಾಯಿತು? ನೀನು ನಿನ್ನ ಖುಷಿಗೆ ಬಂದವನು. ಬಾಲ.

ನಮ್ಮ ಪುಣ್ಯದ ಕೆಲಸಕ್ಕೆ ಇಂಥದೊಂದು ಹಿಂಬದಿ ಇದೆಯೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ದಿನಬೆಳಗಾದರೆ ಸೀನಿಯಾರಿಟಿಯನ್ನೇ ಉಸಿರಾಡುವ ಜನ ನಾವು.

ತೊರಗಲ್ ಜಗಳವಾಡಲಿಲ್ಲ. ಜಗಳವಾಡಿದರೆ ಕುಂತಲಾಳ ನೌಕರಿಗೆ ಕುತ್ತು. ವರ್ಷಗಟ್ಟಲೆ ಗೂಡ್ಸು ಗಾಡಿಯ ಹಿಂದೆ ನಿಂತರು, ಹಬ್ಬಹಬ್ಬಕ್ಕೂ ಡ್ಯೂಟಿ ಹೊತ್ತರು. "ಕಾಕಾ, ಸರ್ವೀಸೆಲ್ಲ ದಾರ್ಯಾಗ ಕಳಕೊಂಡ್ ಬಂದೀರೇನು?" ಎಂದು ಹುಡುಗರು ಚುಚ್ಚಿದರೆ, ಸಿಕ್ಕರೆ ತಂದುಕೊಡಿ ಎಂದು ನಗುತ್ತಿದ್ದರು.

ಆಮೇಲೆ ನಮ್ಮ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುವ ಕೆಲಸ ಶುರುವಾಯಿತು. ಗಾಡಿಗಳು ಕಡಿಮೆಯಾದವು, ಗಾರ್ಡುಗಳು ಹೆಚ್ಚಾದರು. ಹೆಚ್ಚಾದವರನ್ನು ಪಟ್ಟಿಯ ಬಾಲದಿಂದ ಎತ್ತುತ್ತಾರೆ. ಬಾಲದಲ್ಲಿ ಯಾರಿದ್ದರೆಂದು ಹೇಳಬೇಕಿಲ್ಲ. ಖಾಲಿ ಜಾಗ ಎಲ್ಲಿತ್ತು? ಒಡಿಶಾದ ಅದೇ ಕಲ್ಲಿದ್ದಲ ಲೈನಿನಲ್ಲಿ. ಆ ಆರ್ಡರು ಕೈಗೆ ಬಂದ ದಿನ ತೊರಗಲ್ ನನ್ನ ಮೇಜಿನ ಮುಂದೆ ಬಂದು ನಿಂತರು.

"ಅಕ್ಕಾರ, ಇಕಿ ಮತ್ತ ಬಾಯಿ ಮುಚ್ಚಿದ್ರ ನಾ ಏನ್ ಮಾಡ್ಲಿ?" ಎಂದರು. ಅವರು ಅಂಜಿದ್ದು ಹೆಂಡತಿಯ ಮೌನಕ್ಕೊಂದಕ್ಕೇ.

ಅಂದೇ ಅರ್ಜಿ ಹಾಕಿದರು. ವಿಚಾರಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದ. ಬೆಹೆರಾ ಬಿಡುಗಡೆಯಾಗಿದ್ದ, ನನ್ನ ಜಾಗ ನನಗೆ ಕೊಡಿ, ಆದರೆ ಆ ಹೆಣ್ಣುಮಗಳ ನೌಕರಿಗೆ ಕೈ ಹಚ್ಚಬೇಡಿ ಎಂದು ತೊರಗಲ್ ಕೇಳಿಕೊಂಡರು. ಒಬ್ಬ ಮನುಷ್ಯ ಹೋಗಿಯೂ ಇದ್ದ, ಇದ್ದೂ ಇದ್ದ ಎಂದು ಬರೆಯಲಾಗುವುದಿಲ್ಲ ಎಂದ ಅಧಿಕಾರಿ. ಹಂಚಿನಾಳ ಎದ್ದು ನಿಂತ. ಸುಳ್ಳನ್ನು ಹುಟ್ಟಿಸಿದವನೇ ಅವನು. ಈಗ ತೊರಗಲ್ ಪಟ್ಟಿಯಲ್ಲಿ ಮೇಲೆ ಹೋದರೆ, ಅವರ ಬದಲು ಅವನ ಬೆಂಚಿನ ಒಬ್ಬ ಹುಡುಗ ಊರು ಬಿಡಬೇಕಿತ್ತು. ತೊರಗಲ್ ಮುಖ ನೋಡದೆ, ಬೆಹೆರಾ ಇಲ್ಲಿಯೇ ಇದ್ದ, ಬೇಕಾದರೆ ಅವನ ಹೆಂಡತಿಯನ್ನೇ ಕೇಳಿ ಎಂದ.

ಕುಂತಲಾಳನ್ನು ಕರೆದರು. ಹಿಂದಿನ ದಿನವೇ ನೀಲವ್ವ ನನ್ನ ಹತ್ತಿರ ಧೈರ್ಯವಾಗಿ, ಖರೇ ಹೇಳುತ್ತಾಳೆ, ನನ್ನ ಕೈಯಲ್ಲಿ ರೊಟ್ಟಿ ಕಲಿತವಳು ಎಂದಿದ್ದಳು. ಆಫೀಸಿನಲ್ಲಿ ಎಲ್ಲರೂ ಹಾಗೇ ಅಂದುಕೊಂಡಿದ್ದೆವು. ಕುಂತಲಾ ನೀರಿನ ತಂಬಿಗೆಯನ್ನು ಕೆಳಗಿಟ್ಟು ಒಳಗೆ ಬಂದಳು. ಆ ಹೊತ್ತಿಗೆ ನಮ್ಮ ಕನ್ನಡವನ್ನು ನಮಗಿಂತ ಚುರುಕಾಗಿ ಆಡುತ್ತಿದ್ದವಳು, ಹೊಸದಾಗಿ ಬಂದ ದಿನದಂತೆ ಕೈ ಮುಗಿದು ನಿಂತಳು. ತೊರಗಲ್ ಕಡೆ ಒಮ್ಮೆ ನೋಡಿದಳು.

"ನಮ್ಮನಿಯವರು ಸಾಯೂಮಟ ಈ ಊರ ಗಾರ್ಡ ಇದ್ರು, ಸಾಹೇಬ್ರ."

ಅದೇ ಸಾಲು. ಕೊನೆಯ ಮಾತಿನ ಅದೇ ಎಳೆತ. ಹಂಚಿನಾಳನ ಮುಖವೂ ಕಪ್ಪಿಟ್ಟಿತು. ಗೆಲ್ಲುತ್ತೇನೆಂದು ಅವನಿಗೂ ಭರವಸೆ ಇರಲಿಲ್ಲವೋ ಏನೋ. ಅಧಿಕಾರಿ ಅದನ್ನೇ ಬರೆದುಕೊಂಡ, ತೊರಗಲ್ ಅವರ ಅರ್ಜಿ ಬಿದ್ದುಹೋಯಿತು. ತೊರಗಲ್ ಮಾತ್ರ ಪಾಠ ಒಪ್ಪಿಸಿದ ಮಗುವನ್ನು ನೋಡುವಂತೆ ಅವಳನ್ನೇ ನೋಡುತ್ತಿದ್ದರು. ಹೊರಗೆ ಬಂದ ಮೇಲೆ, ನಿನಗೇನೂ ಅನಿಸಲಿಲ್ಲವೇನೇ ಎಂದು ನಾನು ಕುಂತಲಾಳನ್ನು ಗದರಿದೆ. ಎರಡು ಹೊಟ್ಟೆ ಅದಾವ್ರಿ ಅಕ್ಕಾರ ಎಂದಷ್ಟೇ ಹೇಳಿ ತಂಬಿಗೆ ಎತ್ತಿಕೊಂಡು ಹೋದಳು. ಅವಳ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ನೀಲವ್ವ ಅವತ್ತು ಸಂಜೆಯಿಂದಲೇ ಮಾತು ಬಿಟ್ಟಳು.

ಅವರು ಹೊರಟ ದಿನ ಹಾರವಿಲ್ಲ, ಪೇಡೆಯಿಲ್ಲ. ನಾನೊಬ್ಬಳು ಹೋಗಿದ್ದೆ. ಆ ಗಾಡಿಯ ಗಾರ್ಡ್ ಪಟ್ಟಿಯಲ್ಲಿ ತೊರಗಲ್ ಅವರಿಗಿಂತ ಮೇಲಿದ್ದ ಒಬ್ಬ ಹುಡುಗ. ಅವರಿಗೆ ಮುಖ ತೋರಿಸಲಾರದೆ ತನ್ನ ಡಬ್ಬಿಯೊಳಗೇ ಕುಳಿತಿದ್ದ. ಗಾಡಿ ಬಿಡುವ ಹೊತ್ತಿಗೆ ಕುಂತಲಾ ಓಡಿ ಬಂದಳು. ಬಂದವಳೇ ನೀಲವ್ವನ ಕಾಲ ಮೇಲೆ ಬಿದ್ದಳು. ಏಳಲೊಲ್ಲಳು. ನೀಲವ್ವ ಒದ್ದರೂ ಒದೆಯಬಹುದೆಂದು ನಾನು ಹೆದರಿದ್ದೆ.

ನೀಲವ್ವ ಬಾಗಿ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಬಾಯಿ ತೆರೆದಳು. ಒಡಿಯಾ ಭಾಷೆಯಲ್ಲಿ, ಎಲ್ಲೂ ತಡವರಿಸದೆ, ಸರಾಗವಾಗಿ ಏನೋ ಹೇಳಿದಳು. ಕುಂತಲಾ ಅಳುವುದನ್ನೂ ಮರೆತು ನೋಡಿದಳು. ಇಷ್ಟು ವರ್ಷ ಅವರಿಬ್ಬರ ನಡುವೆ ಆ ಭಾಷೆಯ ಒಂದು ಮಾತೂ ಸುಳಿದಿರಲಿಲ್ಲ. ತೊರಗಲ್ ಅವರ ಕೈಯಿಂದ ಪೆಟ್ಟಿಗೆ ಜಾರಿ ಕೆಳಗೆ ಬಿತ್ತು. ಏನಂದಳು ಎಂದು ನಾನು ಕೇಳಿದೆ.

"ಏಳವ್ವ, ಹುಡುಗ್ರು ಸಾಲಿಂದ ಬರೂ ಹೊತ್ತಾತು, ಒಲಿ ಹಚ್ಚು ಹೋಗು ಅಂದ್ಲರಿ." ಎಂದರು ತೊರಗಲ್. "ಹನ್ನೊಂದ ವರ್ಷ, ಅಕ್ಕಾರ. ಭಾಷಾ ಬರೂದಿಲ್ಲ ಅಂತ ಸುಮ್ಮನದಾಳ ಅಂದ್ಕೊಂಡಿದ್ನಿ. ಎಲ್ಲಾ ಬರ್ತಿತ್ತಲ್ರಿ ಇಕಿಗೆ. ಊರ ಬಿಡಿಸಿದ್ನೆಲ್ಲ, ನನ್ನ ಮ್ಯಾಲಿನ ಸಿಟ್ಟೀಲೆ ಸುಮ್ಮನಿದ್ಲು."

ಯಾವ ಮಾತಿಗಾಗಿ ಈ ಮನುಷ್ಯ ಇಷ್ಟೆಲ್ಲ ಕಳೆದುಕೊಂಡನೋ, ಆ ಮಾತು ಎಂದೂ ಎಲ್ಲೂ ಹೋಗಿರಲಿಲ್ಲ. ಸಿಗ್ನಲ್ ಬಿದ್ದಿತು. ನೀಲವ್ವ ಸೆರಗು ಬಿಗಿದು, ಗಂಡನ ಪೆಟ್ಟಿಗೆಯ ಒಂದು ಹಿಡಿಕೆಯನ್ನು ತಾನು ಹಿಡಿದಳು.

"ಹತ್ರಿ ಗಾಡಿ," ಎಂದಳು ಗಂಡನಿಗೆ. "ಈ ಸರ್ತಿ ಮಾತಾಡ್ತೀನಿ."

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಒಳಗೆತ್ತಿದರು, ಗಾಡಿ ಹೊರಟಿತು.